ಮದ್ದಿನ ಅಳತೆ

ಕಳೆದ ಬೇಸಿಗೆಯಲ್ಲಿ ನಮ್ಮ ಹಳ್ಳಿಯ ಮನೆಯ ಮಾಳಿಗೆಗೆ ಹೊಸ ಜಂತಿ ಹಾಕಿಸುವ ಪ್ರಸಂಗ ಬಂದಿತು. ಇಂಡಿ ಮತ್ತು ಸಿಂದಗಿ ತಾಲೂಕುಗಳು ಕೂಡುವಲ್ಲಿ, ಭೀಮಾನದಿಗೆ ಹೆಚ್ಚೇನೂ ದೂರವಿಲ್ಲದ ಊರು ನಮ್ಮದು. ಹಳೆಯ ಜಂತಿಯ ಸಂದಿಯೊಳಗಿಂದ ಆಳು ಒಂದು ಅರಿವೆಯ ಗಂಟನ್ನು ಕೆಳಗೆ ಹಾಕಿದ. ಬಿಚ್ಚಿ ನೋಡಿದರೆ ಎರಡೇ ಸಾಮಾನು. ಒಂದು, ಇಕ್ಕಳದ ಆಕಾರದ ಕಬ್ಬಿಣದ ಅಚ್ಚು. ಬಾಯಿ ಮುಚ್ಚಿದರೆ ಒಳಗೆ ಗೋಲಿಯಷ್ಟು ದುಂಡನೆಯ ಗೂಡು. ಇನ್ನೊಂದು, ಹೆಬ್ಬೆರಳುದ್ದದ ಕೋಡಿನ ಕೊಳವೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತೆರೆದಿದೆ. "ಇದೇನ್ರೀ ಯಪ್ಪಾ, ಸಕ್ಕರಿ ಆರತಿ ಅಚ್ಚೇನು?" ಎಂದು ಆಳು ಕೇಳಿದ. ಅವನ ತಪ್ಪಲ್ಲ. ಅವನ ತಲೆಮಾರಿನವರು ಇಂಥದನ್ನು ಕಂಡವರೇ ಅಲ್ಲ.

ಅದು ಗುಂಡು ಎರೆಯುವ ಅಚ್ಚು. ಆ ಕೋಡು ಮದ್ದನ್ನು ಅಳೆಯುವ ಅಳತೆ. ಇವೆರಡೂ ನನ್ನ ಅಜ್ಜನವು. ಅಚ್ಚಿದೆ, ಅಳತೆಯಿದೆ, ಬಂದೂಕು ಮಾತ್ರ ಇಲ್ಲ. ಬಂದೂಕು ಏಕೆ ಇಲ್ಲವೆಂಬುದನ್ನು ಬಲ್ಲವರಲ್ಲಿ ನಮ್ಮ ಮನೆತನದಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ. ನನಗೆ ಎಂಬತ್ತೈದು ದಾಟಿದೆ. ಹೇಳಿ ಮುಗಿಸುವುದು ಒಳ್ಳೆಯದೆಂದು ತೋರಿ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಮಾತು ವಾಚಕರಿಗೆ ತಿಳಿಯಬೇಕಾದರೆ ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಿ ಬರಬೇಕಾಗುತ್ತದೆ.

ಬಂದೂಕಿನ ಇತಿಹಾಸವನ್ನು ಬರೆದವರು ಬಹಳ ಜನ. ಆದರೆ ಅದರ ಬಾಯಿಗೆ ಏನನ್ನು ಹಾಕಿದರು, ಎಷ್ಟು ಹಾಕಿದರು, ಹಾಕುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಇತಿಹಾಸಕ್ಕೆ ಅಷ್ಟು ಗಮನ ದೊರೆತಿಲ್ಲ. ನನಗನಿಸುವ ಮಟ್ಟಿಗೆ ಕಥೆ ಇರುವುದು ಅಲ್ಲಿಯೇ. ನಳಿಗೆಯೆಂಬುದು ಬರಿಯ ಕೊಳವೆ. ಮದ್ದು ಮತ್ತು ಗುಂಡು ಒಂದಕ್ಕೊಂದು ಹೊಂದಿ ಬಂದಾಗ ಮಾತ್ರ ಅದು ಆಯುಧ. ಹೊಂದದೆ ಹೋದರೆ ಹಿಡಿದವನಿಗೇ ಮೃತ್ಯು.

ಮೊದಲು ಅಜ್ಜನ ಬಂದೂಕಿನ ಮಾತು. ಅದು ಬಾಯಿಂದ ತುಂಬುವ ಕೇಪಿನ ಬಂದೂಕು. ಕೋಡಿನಿಂದ ಅಳೆದ ಕರಿಮದ್ದನ್ನು ನಳಿಗೆಯ ಬಾಯಿಗೆ ಸುರುವಿ, ಮೇಲೆ ನಾರಿನ ಇಲ್ಲವೆ ಚಿಂದಿಯ ಉಂಡೆಯಿಟ್ಟು ಗಜದಿಂದ ಜಡಿದು, ಅನಂತರ ಗುಂಡನ್ನೋ ಚರೆಯನ್ನೋ ಹಾಕಿ, ಅದು ಉರುಳಿ ಬೀಳದಂತೆ ಮತ್ತೊಂದು ಉಂಡೆ ಜಡಿಯಬೇಕು. ಕೊನೆಗೆ ಕುದುರೆಯ ಕೆಳಗಿನ ಮೊಲೆಗೆ ತಾಮ್ರದ ಕೇಪು ತೊಡಿಸಬೇಕು. ಇಷ್ಟು ಮಾಡುವುದರೊಳಗೆ ಹಂದಿ ಸಿಂದಗಿಯ ಸಂತೆಗೆ ಹೋಗಿ ಬಂದಿರುತ್ತದೆಂದು ಅಜ್ಜಿ ನಗೆಯಾಡುತ್ತಿದ್ದಳು.

ನಮ್ಮದು ಅಡವಿಯ ಸೀಮೆಯಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ನಡುವೆ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳ ಬಯಲು. ಕಣ್ಣು ಹರಿಯುವವರೆಗೂ ಎರೆಹೊಲ, ಜೋಳ, ತೊಗರಿ, ಕಡಲೆ. ಇಲ್ಲಿ ಬೇಟೆಯೆಂದರೆ ರಾಜರ ಶೋಕಿಯಲ್ಲ, ಹೊಲ ಕಾಯುವ ಕೆಲಸ. ಹಿಂಡು ಕಟ್ಟಿಕೊಂಡು ಬರುವ ಚಿಗರಿ, ಹಳ್ಳದ ಜೇಕಿನಲ್ಲಿ ಅಡಗಿ ರಾತ್ರಿ ಎದ್ದುಬರುವ ಹಂದಿ, ಕುರಿಹಟ್ಟಿಗೆ ಕನ್ನ ಹಾಕುವ ತೋಳ, ಇವು ಒಕ್ಕಲಿಗನ ವೈರಿಗಳು. ಒಂದೊಂದಕ್ಕೆ ಒಂದೊಂದು ಬಗೆಯ ತುಂಬುವಿಕೆ. ಹಕ್ಕಿಗೆ ಸಾಸಿವೆಯಂಥ ಸಣ್ಣ ಚರೆ. ತೋಳಕ್ಕೆ ಕಡಲೆಯಂಥ ದಪ್ಪ ಚರೆ. ಹಂದಿಗೆ ಒಂದೇ ಗುಂಡು. ಆ ಗುಂಡಿಗೆ ಶುದ್ಧ ಸೀಸವೇ ಆಗಬೇಕೆಂದು ಅಜ್ಜನ ಹಟ. ಮೆತ್ತನೆಯ ಸೀಸ ಮೈಗೆ ತಾಕಿದೊಡನೆ ಚಪ್ಪಟೆಯಾಗಿ ಹರಡುತ್ತದೆ, ಪ್ರಾಣಿ ಅಲ್ಲಿಯೇ ಬೀಳುತ್ತದೆ. ಗಡಸು ಲೋಹ ಬೆರೆತರೆ ಗುಂಡು ಸೂಜಿಯಂತೆ ತೂರಿಹೋಗುತ್ತದೆ. ಗಾಯಗೊಂಡ ಹಂದಿ ಮೂರು ದಿನ ನರಳುತ್ತದೆ, ಇಲ್ಲವೆ ಹುಡುಕಲು ಹೋದವನ ತೊಡೆ ಸೀಳುತ್ತದೆ. "ಕೊಂದರ ಒಂದ ಏಟಿಗೆ ಕೊಲ್ಲು, ಇಲ್ಲಾಂದ್ರ ಹೊಡೀಬ್ಯಾಡ" ಎಂಬುದು ಅವನ ಮಾತು.

ಮದ್ದಿನ ವಿಷಯದಲ್ಲಿಯೂ ಅವನಿಗೊಂದು ಶಾಸ್ತ್ರವಿತ್ತು. ಗುಂಡನ್ನು ಅಂಗೈಯ ಮೇಲಿಟ್ಟು, ಅದು ಮುಚ್ಚುವವರೆಗೆ ಮದ್ದು ಸುರುವಿ, ಆ ರಾಶಿಗೆ ಸರಿಯಾಗಿ ಕೋಡನ್ನು ಕೊಯ್ದರೆ ಆ ಬಂದೂಕಿನ ಅಳತೆ ಸಿದ್ಧ. ಒಂದು ಬಂದೂಕಿಗೆ ಒಂದು ಅಳತೆ. ನೆರೆಯವನ ಅಳತೆಯನ್ನು ಎರವಲು ತರಬಾರದು. ಇದು ನಮ್ಮ ಅಜ್ಜನೊಬ್ಬನ ಶಾಸ್ತ್ರವಲ್ಲ. ಬಾಯಿಂದ ತುಂಬುವ ಬಂದೂಕು ಇದ್ದ ಪರದೇಶಗಳ ಬೇಟೆಗಾರರಲ್ಲಿಯೂ ಇದೇ ವಾಡಿಕೆ ಇತ್ತೆಂದು ಮುಂದೆ ಓದಿ ತಿಳಿದೆ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮುದ್ದೇಬಿಹಾಳದ ಕಡೆಗೆ ಹೋದವರು ತಂಗಡಗಿಯನ್ನು ಕಂಡಿರಬಹುದು. ಕ್ರಿ. ಶ. 1565ರ ಜನವರಿ 23ರಂದು ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನದ ಸುಲ್ತಾನರಿಗೂ ನಡೆದ ಕಾಳಗವನ್ನು ರಕ್ಕಸಗಿ-ತಂಗಡಗಿಯ ಕಾಳಗವೆಂದೂ ತಾಳಿಕೋಟೆಯ ಕಾಳಗವೆಂದೂ ಕರೆಯುತ್ತೇವಷ್ಟೆ. ಆ ದಿನ ಅಹಮದನಗರದ ತೋಪುಖಾನೆ ಚಲಬಿ ರೂಮಿಖಾನನ ಕೈಯಲ್ಲಿತ್ತು. ವಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫೆರಿಷ್ತಾ, ಆರು ನೂರು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿದ್ದರೆಂದು ಹೇಳುತ್ತಾನೆ. ಶತ್ರುಸೈನ್ಯ ತೀರ ಹತ್ತಿರಕ್ಕೆ ಬಂದಾಗ ರೂಮಿಖಾನನು ಗುಂಡುಗಳನ್ನು ಬಿಟ್ಟು ತಾಮ್ರದ ದುಡ್ಡಿನ ಚೀಲಗಳನ್ನು ತೋಪಿಗೆ ತುಂಬಿಸಿದನೆಂದೂ ಅವನೇ ಬರೆದಿದ್ದಾನೆ. ದೂರಕ್ಕಾದರೆ ಒಂದು ಗುಂಡು, ಹತ್ತಿರಕ್ಕಾದರೆ ಹರಡುವ ಚರೆ! ನಮ್ಮ ಅಜ್ಜ ಹಂದಿಗೂ ಹಕ್ಕಿಗೂ ಮಾಡುತ್ತಿದ್ದ ವಿವೇಚನೆಯೇ ಇದು. ಅಂದು ಅದು ಒಂದು ಸಾಮ್ರಾಜ್ಯದ ಮೇಲೆ ಪ್ರಯೋಗವಾಯಿತು. ಆ ಕಾಳಗದ ಗೆಲವು ಸೋಲುಗಳಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಚಲಾವಣೆಯ ದುಡ್ಡು ಚರೆಯಾದ ಚಿತ್ರ ಮನಸ್ಸಿನಿಂದ ಮಾಯುವುದಿಲ್ಲ.

ವಿಜಾಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ನಮ್ಮಲ್ಲಿ ವಿರಳ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿಯು ಎರೆದದ್ದು; ಸುಮಾರು 14 ಅಡಿ ಉದ್ದ, ತೂಕ ಸುಮಾರು 55 ಟನ್ನು, ಬಾಯಿಯ ಅಗಲ ಎರಡಡಿಗೂ ಮಿಗಿಲು. ಪರಾಂಡೆಯ ಕೋಟೆಯಿಂದ 1632ರಲ್ಲಿ ಅದನ್ನು ವಿಜಾಪುರಕ್ಕೆ ತಂದರು. ವಾಚಕರಲ್ಲಿ ಅನೇಕರಿಗೆ ಗೊತ್ತಿರದ ಸಂಗತಿಯೊಂದಿದೆ. ಸಾತಾರೆಯ ರಾಜ್ಯ ಇಂಗ್ಲಿಷರ ಕೈಸೇರಿದ ಬಳಿಕ, 1854ರಲ್ಲಿ, ವಿಜಾಪುರದ ನಿರುಪಯೋಗಿ ಸಾಮಾನುಗಳನ್ನೆಲ್ಲ ಹರಾಜು ಹಾಕಬೇಕೆಂದು ಹುಕುಮಾಯಿತು. ಈ ತೋಪನ್ನೂ ಹರಾಜಿಗಿಟ್ಟರು. ಏರಿದ ಸವಾಲು 150 ರೂಪಾಯಿ! ಅಷ್ಟು ಕಡಿಮೆ ಬೆಲೆಗೆ ಮಾರುವುದು ಸರಿಯಲ್ಲವೆಂದು ಅಲ್ಲಿಯ ಅಧಿಕಾರಿ ಬರೆದುಕೊಂಡದ್ದರಿಂದ ಹರಾಜು ರದ್ದಾಗಿ ತೋಪು ಉಳಿಯಿತು. ಸೈನ್ಯ ಬಿಟ್ಟ ಹಳೆಯ ಆಯುಧ ಪೇಟೆಗೆ ಬರುವುದು ಇಂದು ನಿನ್ನೆಯ ಮಾತಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಕೊಂಡವನಾದರೂ ಏನು ಮಾಡುತ್ತಿದ್ದ? ಅದಕ್ಕೆ ತಕ್ಕ ಮದ್ದಿಲ್ಲ, ತಕ್ಕ ಗುಂಡಿಲ್ಲ. ಮದ್ದುಗುಂಡು ತಪ್ಪಿದ ದಿನವೇ ಅದು ಕಂಚಿನ ರಾಶಿಯಾಗಿತ್ತು.

ಆ ಕಾಲದಲ್ಲಿ ಮದ್ದು ಎಲ್ಲಿಂದ ಬರುತ್ತಿತ್ತು? ಬಹುಮಟ್ಟಿಗೆ ಇದೇ ಮಣ್ಣಿನಿಂದ. ಚೌಳು ಮಣ್ಣನ್ನು ಬಸಿದು ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ಹಳೆಯ ಊರಗೋಡೆಗಳ ಮಣ್ಣಿನಿಂದ ಪೆಟ್ಲುಪ್ಪನ್ನು ತೆಗೆಯುವ ವಿದ್ಯೆಯೂ ಇದಕ್ಕೆ ನೆರೆಯದೇ. ಇದ್ದಿಲಿಗೆ ಹಗುರ ಕಟ್ಟಿಗೆಯೇ ಬೇಕು; ಎಕ್ಕೆಯ ಕಡ್ಡಿ, ತೊಗರಿಯ ಕಟ್ಟಿಗೆ ಒಳ್ಳೆಯವೆಂದು ಪ್ರಸಿದ್ಧಿ. ತೊಗರಿಕಟ್ಟಿಗೆಗೆ ನಮ್ಮಲ್ಲಿ ಕೊರತೆಯೇ? ಗಂಧಕವೊಂದು ಹೊರಗಿನಿಂದ ಬರಬೇಕು. ಹೀಗೆ ಮದ್ದು ನೆಲದಲ್ಲಿ ಹುಟ್ಟುತ್ತಿತ್ತು, ಸೀಸ ಸಂತೆಯಲ್ಲಿ ಸಿಕ್ಕುತ್ತಿತ್ತು, ಅಚ್ಚನ್ನು ಊರ ಕಮ್ಮಾರ ಬಡಿದು ಕೊಡುತ್ತಿದ್ದ, ಅಳತೆ ತುಂಬುವವನ ಕೈಯಲ್ಲಿತ್ತು. ಬಂದೂಕು ಹಳ್ಳಿಯ ಬದುಕಿನೊಳಗೆ ನೇಗಿಲು ಕುಂಟೆಗಳಂತೆ ಸೇರಿಕೊಂಡದ್ದು ಈ ಕಾರಣದಿಂದಲೇ.

ಈ ವ್ಯವಸ್ಥೆಗೆ ಮೊದಲ ಪೆಟ್ಟು 1857ರಲ್ಲಿ ಬಿತ್ತು. ಆ ವರ್ಷದ ದಂಗೆಯ ಹಿನ್ನೆಲೆಯಲ್ಲಿ ಎನ್‌ಫೀಲ್ಡ್ ಬಂದೂಕಿನ ಕಾಡತೂಸಿಗೆ ಹಚ್ಚಿದ ಕೊಬ್ಬಿನ ಮಾತು ಎಲ್ಲರಿಗೂ ಗೊತ್ತು. ಕೊಬ್ಬು ಏಕೆ ಬೇಕಾಯಿತೆಂಬುದನ್ನು ಮಾತ್ರ ಬಹುಜನ ವಿಚಾರಿಸುವುದಿಲ್ಲ. ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಹೊಗೆ ಮಸಿಯಾಗಿ ಉಳಿಯುತ್ತದೆ. ನಯವಾದ ಅಗಲ ನಳಿಗೆಯಲ್ಲಿ ಅದು ನಡೆದೀತು. ಎನ್‌ಫೀಲ್ಡಿನ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿತ್ತು. ಗುಂಡು ಆ ಗೀರುಗಳನ್ನು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಟರೆ ಮಾತ್ರ ಗುರಿ ನೇರ. ಹಾಗೆ ಹೊಂದಿ ಕೂಡುವ ಗುಂಡು ಮಸಿಗಟ್ಟಿದ ನಳಿಗೆಯಲ್ಲಿ ಇಳಿಯಬೇಕಾದರೆ ಜಿಡ್ಡು ಬೇಕೇ ಬೇಕು. ಆ ಗುಂಡಿನ ತೂಕ 530 ಗ್ರೇನು. ನಮ್ಮ ತೊಲಕ್ಕೆ 180 ಗ್ರೇನು ಲೆಕ್ಕ ಹಿಡಿದರೆ ಮೂರು ತೊಲಕ್ಕೆ ತುಸು ಕಡಿಮೆ. ಮದ್ದು ಸುಮಾರು 70 ಗ್ರೇನು. ತೊಲಕ್ಕೆ 96 ಗುಂಜಿಯಂತೆ ಲೆಕ್ಕ ಹಾಕಿದರೆ 37 ಗುಂಜಿ. ಒಂದು ಗುಂಡಿನ ಆಯ್ಕೆ, ಅದಕ್ಕೊಂದು ಜಿಡ್ಡಿನ ಆಯ್ಕೆ. ಅದರ ಬೆಂಕಿ ಮೀರತಿನಿಂದ ನಮ್ಮ ಮನೆಬಾಗಿಲವರೆಗೂ ಬಂದಿತು.

ನಮ್ಮಲ್ಲಿಗೆ ಅದು ಬಂದದ್ದು ನಿಶ್ಶಸ್ತ್ರೀಕರಣದ ಶಾಸನದ ರೂಪದಲ್ಲಿ. ಪ್ರಜೆಗಳು ಆಯುಧಗಳನ್ನು ತಂದೊಪ್ಪಿಸಬೇಕು ಇಲ್ಲವೆ ಪರವಾನಿಗೆ ಪಡೆಯಬೇಕೆಂದು 1857ರಲ್ಲಿ ಹೊರಟ ಹುಕುಮನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಬಂದೂಕನ್ನು ಒಪ್ಪಿಸುವುದೆಂದರೆ ಒಕ್ಕಲಿಗನು ಎತ್ತನ್ನು ಒಪ್ಪಿಸಿದಂತೆ. ಆ ವರ್ಷದ ನವೆಂಬರದ ಕೊನೆಯಲ್ಲಿ ಇಂಗ್ಲಿಷರ ದಂಡು ಹಲಗಲಿಯನ್ನು ಮುತ್ತಿ ಊರಿಗೆ ಬೆಂಕಿಯಿಟ್ಟಿತು. ಜಡಗ, ಬಾಲ ಮೊದಲಾದ ವೀರರ ಹೆಸರು ಉಳಿಯಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರದಲ್ಲಿ ಗಲ್ಲಿಗೇರಿಸಿದರು. ನಮ್ಮ ಶಾಸನಗಳನ್ನು ಸಂಗ್ರಹಿಸಿ ಉಪಕರಿಸಿದ ಫ್ಲೀಟ್ ಸಾಹೇಬರೇ ಈ ಪ್ರಸಂಗದ ಲಾವಣಿಯನ್ನೂ ಸಂಗ್ರಹಿಸಿ ಮುಂದೆ ಅಚ್ಚು ಹಾಕಿಸಿದರು. ಗೆದ್ದ ಸರಕಾರದ ನೌಕರನ ಕೈಯಿಂದಲೇ ಸೋತವರ ಹಾಡು ಉಳಿದುಬಂದದ್ದು ವಿಚಿತ್ರವಾದರೂ ಸತ್ಯ. ಹಲಗಲಿ ಈಗ ಬಾಗಲಕೋಟೆ ಜಿಲ್ಹೆಯಲ್ಲಿದೆ. 1997ರವರೆಗೆ ಅದು ನಮ್ಮ ವಿಜಾಪುರ ಜಿಲ್ಹೆಯದೇ ಊರು.

ದಂಗೆ ಅಡಗಿದ ಮೇಲೆ ಸರಕಾರ ಒಂದು ಪಾಠ ಕಲಿತಿತು. ದೇಶಿ ಪಲ್ಟಣಗಳಿಗೆ ಗೀರು ಕೊರೆದ ನಳಿಗೆಯನ್ನು ತಡೆಹಿಡಿದು ನಯನಳಿಗೆಯ ಬಂದೂಕನ್ನೇ ಕೊಟ್ಟಿತು. ಗೋರೆ ಸಿಪಾಯಿಗೆ ಹೊಸದು ಬಂದಾಗ ಅವನ ಹಳೆಯದು ದೇಶಿ ಸಿಪಾಯಿಗೆ ಎಂಬ ಕ್ರಮ ಬಹುಕಾಲ ನಡೆಯಿತು. ಪ್ರಜೆಗಳ ಮಟ್ಟಿಗೆ 1878ರಲ್ಲಿ ಆಯುಧಗಳ ಕಾಯ್ದೆ ಬಂದಿತು. ಅಂದಿನಿಂದ ಬಂದೂಕಿಗೆ ಪರವಾನಿಗೆ. ಮದ್ದನ್ನು ತಯಾರಿಸಲು ಪರವಾನಿಗೆ, ಮಾರಲು ಪರವಾನಿಗೆ. ಪೆಟ್ಲುಪ್ಪಿನ ಒಲೆಗಳು ಆರಿದವು. ಮದ್ದು ನೆಲದಲ್ಲಿ ಹುಟ್ಟುವುದು ನಿಂತು ಅಂಗಡಿಯ ಡಬ್ಬಿಯಲ್ಲಿ ಬರತೊಡಗಿತು. ಕೋಡಿನ ಅಳತೆ ಒಕ್ಕಲಿಗನ ಕೈಯಲ್ಲಿಯೇ ಉಳಿಯಿತು, ಆದರೆ ಅದಕ್ಕೆ ತುಂಬುವ ವಸ್ತು ಅವನ ಕೈ ಬಿಟ್ಟಿತು.

ಇಲ್ಲಿಂದ ಮುಂದಿನ ಕಥೆ ಬಹು ಸ್ವಾರಸ್ಯದ್ದು. ಹಿಂದಿನಿಂದ ತುಂಬುವ ಮಾರ್ಟಿನಿ-ಹೆನ್ರಿ ಬಂದೂಕು ಸೈನ್ಯಕ್ಕೆ ಬಂದಿತು. ಅದರ ಬಾಯಿ .450 ಅಂಗುಲ, ಗುಂಡು 480 ಗ್ರೇನು, ಮದ್ದು 85 ಗ್ರೇನು. ಸಾಹೇಬರು ಹುಲಿಯ ಬೇಟೆಗೆ ತರಿಸುತ್ತಿದ್ದ ದೊಡ್ಡ ರೈಫಲುಗಳದೂ ಅದೇ .450. ಬೇಟೆಯ ಕಾಡತೂಸಿನಿಂದ ಗುಂಡನ್ನು ಕಿತ್ತು, ಸೈನ್ಯದ ಖಾಲಿ ಕಾಡತೂಸಿಗೆ ಕೈಯಿಂದ ತುಂಬಿ, ಕದ್ದ ಮಾರ್ಟಿನಿಗೆ ಹಾಕಿದರೆ? ಈ ಭಯ ಸರಕಾರವನ್ನು ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ .450 ಬಾಯಿಯ ಬೇಟೆ ರೈಫಲುಗಳನ್ನು ಹಿಂದುಸ್ಥಾನಕ್ಕೆ ತರುವುದನ್ನೇ ನಿಷೇಧಿಸಿದರು. ವಿಲಾಯತಿಯ ಬಂದೂಕಿನ ವ್ಯಾಪಾರಿಗಳು ತಲೆ ಓಡಿಸಿ .465, .470, .475 ಎಂದು ಕೂದಲೆಳೆಯಷ್ಟು ಅಗಲ ಬೇರೆ ಮಾಡಿ ಹೊಸ ರೈಫಲುಗಳನ್ನು ಹೊರಡಿಸಿದರು. ಆಫ್ರಿಕೆಯ ಆನೆಬೇಟೆಯ ಪುಸ್ತಕಗಳಲ್ಲಿ ಕೊಂಡಾಡಿರುವ ಆ ರೈಫಲುಗಳು ಹುಟ್ಟಿದ್ದು ನಮ್ಮ ದೇಶದ ಪ್ರಜೆಯು ಕಾಡತೂಸು ತುಂಬಿಯಾನೆಂಬ ಭಯದಿಂದ.

ಮುಂದೆ .303 ಬಂದಾಗಲೂ ಇದೇ ಕಥೆ. ಸೈನ್ಯದ ಕಾಡತೂಸಾದ್ದರಿಂದ ಪ್ರಜೆಗೆ ಅದು ನಿಷಿದ್ಧ. ಹಾಗಾದರೆ ಬೇಟೆಗಾರನಿಗೆ ಏನು? ಲೀ-ಎನ್‌ಫೀಲ್ಡಿನ ಮೈಗೇ .315ರ ನಳಿಗೆ ಕೂಡಿಸಿ ಬರ್ಮಿಂಗ್‌ಹ್ಯಾಮಿನ ಬಿ. ಎಸ್. ಎ. ಕಂಪನಿ ಕಳಿಸಿತು. ಆ .315 ಮೂಲತಃ ಆಸ್ಟ್ರಿಯಾ-ಹಂಗೇರಿಯ ಸೈನ್ಯದ ಮ್ಯಾನ್‌ಲಿಖರ್ ರೈಫಲಿನ ಕಾಡತೂಸು. ಇಂಗ್ಲಿಷರ ಮೈ, ಆಸ್ಟ್ರಿಯದ ಗುಂಡು, ಹಿಂದುಸ್ಥಾನದ ಬೇಟೆ! ಸ್ವಾತಂತ್ರ್ಯದ ಬಳಿಕವೂ ಇಛಾಪುರದ ಸರಕಾರಿ ಕಾರ್ಖಾನೆ ಅದೇ .315 ರೈಫಲನ್ನು ಪರವಾನಿಗೆದಾರರಿಗಾಗಿ ಮಾಡುತ್ತ ಬಂದಿತು. ಪೊಲೀಸರ ಮೇಲೂ ಇಂಗ್ಲಿಷರಿಗೆ ಪೂರ್ತಿ ಭರವಸೆಯಿರಲಿಲ್ಲ. ಹಳೆಯ .303 ರೈಫಲುಗಳ ಗೀರುಗಳನ್ನು ಕೊರೆದು ತೆಗೆದು, .410ರ ನಯನಳಿಗೆ ಮಾಡಿ, ಒಂದು ಸಲಕ್ಕೆ ಒಂದೇ ತೋಟ ಹಿಡಿಯುವಂತೆ ಮಾಡಿ ಕೊಟ್ಟರು. ಕಳವಾದರೂ ಸೈನ್ಯದ ಗುಂಡು ಅದಕ್ಕೆ ಹೊಂದಬಾರದು! ಹಳೆಯ ಸೇನಾಬಂದೂಕಿಗೆ ಯಾವ ಗುಂಡು, ಯಾವ ಮದ್ದು ಎಂದು ಬೇರೆ ದೇಶದ ಬೇಟೆಗಾರ ತಾನೇ ಕುಳಿತು ತೂಗಿ ನೋಡಿ ಆರಿಸಿಕೊಳ್ಳುತ್ತಾನೆ. ನಮ್ಮಲ್ಲಿ ಆರಿಸಿದ್ದು ಯಾವಾಗಲೂ ಕಾಯ್ದೆ.

ಬಾಯಿಯ ಅಗಲದ ಮಾತಾಯಿತು. ಮದ್ದಿನ ಮಾತು ಉಳಿಯಿತು. .303 ಮೊದಲು ಬಂದಾಗ 215 ಗ್ರೇನಿನ ಗುಂಡಿಗೆ ಸುಮಾರು 70 ಗ್ರೇನು ಕರಿಮದ್ದನ್ನು ಒತ್ತಿ ತುಂಬುತ್ತಿದ್ದರು. 1891ರ ಸುಮಾರಿಗೆ ಅದರ ಬದಲು ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದಿತು. ಗನ್‌ಕಾಟನ್ ಮತ್ತು ನೈಟ್ರೋಗ್ಲಿಸರೀನುಗಳನ್ನು ಕಲಸಿ, ತುಸು ವ್ಯಾಸಲೀನ್ ಸೇರಿಸಿ, ಶಾವಿಗೆಯಂತೆ ಒತ್ತಿ ತೆಗೆದ ಎಳೆಗಳವು. ಅದು ಬೇಕಾದದ್ದು ಸುಮಾರು 30 ಗ್ರೇನು ಮಾತ್ರ. ಅಂದರೆ ಹಿಂದೆ 37 ಗುಂಜಿ ಹಿಡಿದಲ್ಲಿ ಈಗ 16 ಗುಂಜಿ. ಆದರೂ ಗುಂಡಿನ ವೇಗ ಕಡಿಮೆಯಾಗದೆ ಹೆಚ್ಚಾಯಿತು! ನೀಲಗಿರಿಯ ಅರುವಂಕಾಡಿನಲ್ಲಿ 1904ರ ಸುಮಾರಿಗೆ ಕಾರ್ಡೈಟಿನ ಕಾರ್ಖಾನೆಯೇ ನಿಂತಿತು. ಪುಣೆಯ ಬಳಿಯ ಖಡಕಿಯಲ್ಲಿ ಕಾಡತೂಸಿನ ಕಾರ್ಖಾನೆ 1869ರಿಂದ ಇತ್ತು.

ಇವೆರಡು ಮದ್ದುಗಳ ಸ್ವಭಾವದಲ್ಲಿ ಅಜಗಜಾಂತರ. ಕರಿಮದ್ದು ಒಕ್ಕಲಿಗನ ಎತ್ತು. ಎಷ್ಟೇ ಹೊಡೆದರೂ ಅದರ ನಡಿಗೆಗೆ ಒಂದು ಮೇರೆ ಇದೆ. ಚಿಟಿಕೆ ಹೆಚ್ಚಾದರೆ ಭುಜಕ್ಕೆ ಒದೆ ಬಿದ್ದೀತು, ಹೊಗೆ ಹೆಚ್ಚಾದೀತು. ಅಷ್ಟೇ ಆಗಿ ಮುಗಿಯುವುದೇ ಹೆಚ್ಚು. ಹೊಸ ಮದ್ದು ಹಾಗಲ್ಲ. ಸುತ್ತಲಿನ ಒತ್ತಡ ಏರಿದಂತೆ ಅದು ಉರಿಯುವ ವೇಗವೂ ಏರುತ್ತದೆ. ಉರಿ ಏರಿದಂತೆ ಒತ್ತಡ ಮತ್ತೂ ಏರುತ್ತದೆ. ಉಕ್ಕಿನ ಹೊಸ ನಳಿಗೆ ಅದನ್ನು ತಾಳಿಕೊಳ್ಳುತ್ತದೆ. ಕಮ್ಮಾರ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಹಳೆಯ ನಳಿಗೆ ತಾಳದು. ಒಂದೇ ಕೋಡಿನಿಂದ ಅಳೆದರೆ ಮೊದಲನೆಯದು ಮದ್ದು, ಎರಡನೆಯದು ಮೃತ್ಯು.

ಗುಂಡಿನ ಮಾತೂ ಒಂದಿದೆ. ಹೊಸ ವೇಗಕ್ಕೆ ಬರಿಯ ಸೀಸ ತಾಳದೆಂದು ಅದಕ್ಕೆ ಲೋಹದ ಅಂಗಿ ತೊಡಿಸಿದರು. ಆ ಗುಂಡು ತೂರಿಹೋಗುತ್ತದೆ, ಶತ್ರು ಬೀಳುವುದಿಲ್ಲವೆಂದು ದೂರು ಬಂದಾಗ ಕಲಕತ್ತೆಯ ಬಳಿಯ ಡಂಡಂ ಕಾರ್ಖಾನೆಯಲ್ಲಿ 1896ರ ಸುಮಾರಿಗೆ ಅಂಗಿಯ ತುದಿಯನ್ನು ಕತ್ತರಿಸಿ ಸೀಸವನ್ನು ಹೊರಗೆ ತೋರಿಸಿದರು. ಮೈಯಲ್ಲಿ ಹರಡುವ ಅಂಥ ಗುಂಡು ಅಮಾನುಷವೆಂದು 1899ರಲ್ಲಿ ಹೇಗ್ ನಗರದ ಪರಿಷತ್ತು ಯುದ್ಧದಲ್ಲಿ ಅದನ್ನು ನಿಷೇಧಿಸುವ ಘೋಷಣೆ ಮಾಡಿತು. ಆದರೆ ಬೇಟೆಯಲ್ಲಿ ಅದೇ ಜಾತಿಯ ಗುಂಡೇ ಧರ್ಮವೆಂದು ಜಗತ್ತೆಲ್ಲ ಒಪ್ಪಿತು. ಪ್ರಾಣಿ ನರಳದೆ ಬೀಳಬೇಕಲ್ಲ! ಹೇಗ್ ಎಲ್ಲಿದೆಯೆಂಬುದು ನಮ್ಮ ಅಜ್ಜನಿಗೆ ಗೊತ್ತಿರಲಿಲ್ಲ. ಹಂದಿಗೆ ಮೆತ್ತನೆಯ ಸೀಸವೇ ಆಗಬೇಕೆಂಬ ಅವನ ಹಟದಲ್ಲಿ ಇದೇ ವಿಚಾರವಿತ್ತು.

ಇನ್ನು ನಮ್ಮ ಮನೆಯ ಮಾತು.

1948ನೆಯ ಇಸವಿ. ನಾನಾಗ ಎಂಟು ವರ್ಷದ ಹುಡುಗ. ನಮ್ಮ ತಾಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸಿಂದಗಿಯ ಆಚೆ, ಮುದ್ದೇಬಿಹಾಳದ ಆಚೆ ನಿಜಾಮನ ರಾಜ್ಯ. ರಜಾಕಾರರ ಹಾವಳಿಯಿಂದ ಗಡಿಯ ಹಳ್ಳಿಗಳಿಗೆ ನಿದ್ದೆಯಿರಲಿಲ್ಲ. ಗಡಿ ದಾಟಿ ಬಂದ ಸಂಸಾರಗಳು ನಮ್ಮ ಓಣಿಯಲ್ಲಿಯೂ ಇಳಿದುಕೊಂಡಿದ್ದವು. ಊರ ಅಗಸೆಯಲ್ಲಿ ರಾತ್ರಿ ಪಹರೆ. ಪಹರೆಗೆ ಇದ್ದ ಬಂದೂಕುಗಳಲ್ಲಿ ಅಜ್ಜನದೂ ಒಂದು. ಅಜ್ಜನಿಗೆ ಕಣ್ಣು ಮಬ್ಬಾಗಿದ್ದರಿಂದ ಅದನ್ನು ಹಿಡಿಯುತ್ತಿದ್ದವನು ನನ್ನ ಕಾಕಾ. ಇಪ್ಪತ್ತನಾಲ್ಕು ವರ್ಷದವನು, ಎದೆಗಾರ, ಕಲಿಯುವ ಹುರುಪಿನವನು. ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತು ಬಾಗೇವಾಡಿಯ ಜಾತ್ರೆ ತೋರಿಸಿದವನು.

ಆ ಮಳೆಗಾಲದಲ್ಲಿ ಅಂಗಡಿಯಲ್ಲಿ ಕರಿಮದ್ದು ಸಿಗದಾಯಿತು. ಎಲ್ಲಿಂದಲೋ, ಯಾರಿಂದಲೋ, ಹತ್ತೆಂಟು .303 ಕಾಡತೂಸುಗಳು ಕಾಕಾನ ಕೈಸೇರಿದವು. ಅವು ಕೂಡುವ ಬಂದೂಕು ಊರಲ್ಲಿ ಯಾರ ಬಳಿಯೂ ಇರಲಿಲ್ಲ. ಕಾಕಾ ಹಿತ್ತಲಲ್ಲಿ ಕುಳಿತು ಗುಂಡುಗಳನ್ನು ಕಿತ್ತ. ಒಳಗಿಂದ ಕಂದುಬಣ್ಣದ ಶಾವಿಗೆಯಂಥ ಎಳೆಗಳು ಹೊರಬಂದವು. ನಾನು ಪಕ್ಕದಲ್ಲಿಯೇ ಕುಳಿತಿದ್ದೆ. "ಇದು ಸೈನ್ಯದ ಮದ್ದಲೇ, ಭಾಳ ಛಲೋ ಇರತದ" ಎಂದು ಹೇಳಿ, ಅವುಗಳನ್ನು ಕತ್ತರಿಯಿಂದ ಜೀರಿಗೆಯಂತೆ ಸಣ್ಣಗೆ ಕತ್ತರಿಸಿದ. ಅಜ್ಜನ ಕೋಡನ್ನು ತಂದು ಕೊಡೆಂದು ನನಗೆ ಹೇಳಿದ. ನಾನೇ ಗೂಟದ ಮೇಲಿಂದ ತಂದುಕೊಟ್ಟೆ. ಅವನು ಅದನ್ನು ಕಂಠಮಟ್ಟ ತುಂಬಿದ, ಅಜ್ಜ ಕಲಿಸಿದಂತೆಯೇ ಬೆರಳಿನಿಂದ ಸಮ ಮಾಡಿದ. ಒಂದು ಕಾಳೂ ಹೆಚ್ಚಿಲ್ಲ, ಒಂದು ಕಾಳೂ ಕಡಿಮೆಯಿಲ್ಲ.

ಆ ರಾತ್ರಿ ಬಂದದ್ದು ರಜಾಕಾರರಲ್ಲ, ಹಂದಿ. ಅಗಸೆಯ ಹೊರಗೆ ಜೋಳದ ಹೊಲದಲ್ಲಿ ಸದ್ದಾಯಿತು. ಒಂದು ಸಪ್ಪಳ ಕೇಳಿತು. ಅದು ಬಂದೂಕಿನ ಸಪ್ಪಳವಾಗಿರಲಿಲ್ಲ. ಕಂದೀಲು ಹಿಡಿದು ಓಡಿದವರು ಕಾಕಾನನ್ನು ಎತ್ತಿ ತಂದರು. ಎಡಗೈಯ ಮೂರು ಬೆರಳು ಹೋಗಿದ್ದವು. ಒಂದು ಕಣ್ಣು ಹೋಗಿತ್ತು. ನಳಿಗೆ ಬುಡದಲ್ಲಿ ಬಾಳೆಹೂವಿನಂತೆ ಬಿರಿದಿತ್ತು. ಸೆಪ್ಟೆಂಬರ 13ರಂದು ನಮ್ಮ ಸೈನ್ಯ ಹೈದರಾಬಾದಿನೊಳಗೆ ಹೊಕ್ಕಿತು. 17ಕ್ಕೆ ನಿಜಾಮ ಶರಣಾದ. ಊರೆಲ್ಲ ಹಲಗೆ ಬಾರಿಸಿ ಕುಣಿಯುತ್ತಿದ್ದಾಗ ಕಾಕಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗಿದ್ದ.

ಅಜ್ಜ ಬೈಯಲಿಲ್ಲ. ಮಗನ ಹಾಸಿಗೆಯ ಪಕ್ಕದಲ್ಲಿ ಕುಳಿತು ಒಂದೇ ಮಾತು ಕೇಳಿದ: "ಅಳತಿ ಬಿಟ್ಟೇನು?" ಕಾಕಾ ಹೇಳಿದ: "ಇಲ್ಲಪ್ಪಾ, ಅಳತಿ ಪ್ರಕಾರಾನ ಹಾಕೀನಿ." ಅಜ್ಜನಿಗೆ ಅದೇ ತಿಳಿಯಲಾರದೆ ಹೋಯಿತು. ಅಳತೆ ಸರಿಯಿದ್ದೂ ಬಂದೂಕು ಒಡೆದದ್ದು ಅವನ ಅರವತ್ತು ವರ್ಷದ ತಿಳುವಳಿಕೆಗೆ ಬಿದ್ದ ಪೆಟ್ಟು. ತನ್ನ ಅಳತೆಯೇ ತಪ್ಪೆಂದು ಅವನು ಸಾಯುವವರೆಗೂ ನಂಬಿದ್ದ. ಪರವಾನಿಗೆ ಹಿಂದಿರುಗಿಸುವಾಗ ಒಡೆದ ಬಂದೂಕನ್ನೂ ಅಚ್ಚನ್ನೂ ಕೋಡನ್ನೂ ಒಟ್ಟಿಗೆ ಕಚೇರಿಗೆ ಒಯ್ದ. ಅಲ್ಲಿಯ ಕಾರಕೂನರು ಬಂದೂಕನ್ನು ಬರೆದುಕೊಂಡು, ಇವೆರಡಕ್ಕೆ ಪುಸ್ತಕದಲ್ಲಿ ಕಲಮು ಇಲ್ಲವೆಂದು ಮರಳಿ ಕೊಟ್ಟರಂತೆ. ಅಜ್ಜಿ ಗಂಟು ಕಟ್ಟಿ ಜಂತಿಗೆ ತುರುಕಿದಳು.

ಒಂದು ಮದ್ದಿಗೆ ಕೊಯ್ದ ಅಳತೆಯಿಂದ ಇನ್ನೊಂದನ್ನು ಅಳೆಯಬಾರದೆಂಬುದನ್ನು ನಾನು ಶಾಲಾಮಾಸ್ತರನಾದ ಮೇಲೆ ಪುಸ್ತಕಗಳಿಂದ ತಿಳಿದುಕೊಂಡೆ. ಹೊತ್ತಿಗೆ ಅಜ್ಜ ಹೋಗಿ ಹತ್ತು ವರ್ಷವಾಗಿತ್ತು. ಕಾಕಾನಿಗೆ ಹೇಳಿದೆ. ಅವನು ಉಳಿದ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿ, "ಅಪ್ಪನ ಅಳತಿ ತಪ್ಪಿರಲಿಲ್ಲ ಹಂಗಾದರ" ಎಂದ. ತನ್ನ ಬೆರಳುಗಳ ಮಾತನ್ನು ಎತ್ತಲಿಲ್ಲ.

ಅವನ ಅಜ್ಞಾನವೆಂದು ಇದನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೂರು ನೂರು ವರ್ಷ ಮದ್ದನ್ನು ಬಲ್ಲ ಸೀಮೆಯಿದು. ಕಲಿತ ಕೈಯನ್ನು ಎಪ್ಪತ್ತು ವರ್ಷ ಕಾಯ್ದೆ ಕಟ್ಟಿಹಾಕಿತು. ಹಳೆಯ ಮದ್ದಿನ ವಿದ್ಯೆ ಮರೆಯಿತು, ಹೊಸ ಮದ್ದಿನ ವಿದ್ಯೆ ಬಾಗಿಲೊಳಗೆ ಬರಲಿಲ್ಲ. ಬಂದದ್ದು ಕದ್ದು ಬಂದ ಹತ್ತೆಂಟು ಕಾಡತೂಸು, ಅದರೊಡನೆ ಬರಬೇಕಾದ ಎಚ್ಚರದ ಒಂದು ಮಾತಿಲ್ಲ. ಎಲ್ಲರ ಕೈಗೂ ಬಂದೂಕು ಬರಲಿ ಎಂದು ನಾನು ವಾದಿಸುವವನಲ್ಲ. ಮದ್ದುಗುಂಡು ತಯಾರಿಸಲು ಪರವಾನಿಗೆ ಬೇಕೆಂದು 1959ರ ನಮ್ಮದೇ ಕಾಯ್ದೆಯೂ ಹೇಳುತ್ತದೆ, ಅದು ಸರಿಯೇ. ಆದರೆ ವಸ್ತುವನ್ನು ನಿಷೇಧಿಸಬಹುದು, ವಸ್ತುವಿನ ತಿಳುವಳಿಕೆಯನ್ನು ನಿಷೇಧಿಸಿದರೆ ಅದರ ಬೆಲೆಯನ್ನು ಯಾರದೋ ಬೆರಳುಗಳು ತೆರಬೇಕಾಗುತ್ತದೆ.

1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯ್ದೆ ಬಂದು ಬೇಟೆಯ ಕಾಲವೇ ಮುಗಿಯಿತು. ಚಿಗರಿಯನ್ನು ಮುಟ್ಟುವಂತಿಲ್ಲ. ಹೊಲ ಹಾಳಾದರೆ ಪರಿಹಾರಕ್ಕೆ ಅರ್ಜಿ ಹಾಕಬೇಕು. ಇದು ಆಗಬೇಕಾದದ್ದೇ. ಈಗ ಕೆಲವು ಸಲ ಸಂಜೆ ಹೊಲದ ಬದುವಿನಲ್ಲಿ ನಾಲ್ಕಾರು ಚಿಗರಿ ನಿಂತದ್ದು ಕಂಡರೆ ನನಗೂ ಸಂತೋಷವಾಗುತ್ತದೆ.

ಅಚ್ಚನ್ನು ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡಬೇಕೆಂದು ಮೊಮ್ಮಗ ಹೇಳುತ್ತಾನೆ. ಕೊಡೋಣ. ಕೋಡನ್ನು ಮಾತ್ರ ಒರೆಸಿ ಇಟ್ಟುಕೊಂಡಿದ್ದೇನೆ. ಮೊನ್ನೆ ಸಾಸಿವೆ ತುಂಬಿ, ಬೆರಳಿನಿಂದ ಸಮಮಾಡಿ, ಅಂಗೈಗೆ ಸುರುವಿಕೊಂಡೆ. ಅಚ್ಚಿನ ಗೂಡಿನಷ್ಟು ಒಂದು ಗೋಲಿಯನ್ನು ಇಟ್ಟು ನೋಡಿದರೆ, ಅದು ಸರಿಯಾಗಿ ಮುಚ್ಚಿತು. ಅಜ್ಜನ ಅಳತೆ ಸರಿಯಾಗಿಯೇ ಇದೆ.